ನೋವು ಎಷ್ಟಿದೆ ಎಂದು ಕೇಳಿದಾಗ



ನಮ್ಮ ಕ್ರೈಸ್ತ ಮನೆಗಳಲ್ಲಿ ಹಿರಿಯರಿಂದ ಬಂದ ಒಂದು ಮಾತಿದೆ: ನೋವನ್ನು ದೇವರಿಗೆ ಒಪ್ಪಿಸಿಬಿಡು. ಒಳ್ಳೆಯ ಮಾತು. ಯೇಸುಸ್ವಾಮಿಯ ಶಿಲುಬೆಯ ಪಕ್ಕದಲ್ಲಿ ನಮ್ಮ ಸಣ್ಣ ಶಿಲುಬೆಯನ್ನೂ ಇಡಬಹುದೆಂಬ ವಿಶ್ವಾಸದಿಂದ ಹುಟ್ಟಿದ ಮಾತು ಅದು. ಆದರೆ ಯಾರು ಯಾರಿಗೆ ಹೇಳುತ್ತಾರೆ ಎಂಬುದರ ಮೇಲೆ ಅದರ ಅರ್ಥ ಬದಲಾಗುತ್ತದೆ. ನರಳುವವರು ತಮಗೆ ತಾವೇ ಹೇಳಿಕೊಂಡರೆ ಅದು ಪ್ರಾರ್ಥನೆ. ಕುರ್ಚಿಯ ಮೇಲೆ ಆರಾಮವಾಗಿ ಕುಳಿತವರು, ಸೊಂಟ ಹಿಡಿದುಕೊಂಡು ನಿಂತವರಿಗೆ ಹೇಳಿದರೆ, ಅನೇಕ ವೇಳೆ ಅದು 'ಸುಮ್ಮನಿರು' ಎಂಬುದರ ಭಕ್ತಿಯ ರೂಪ, ಅಷ್ಟೆ.

ನಿಮ್ಮ ಧರ್ಮಕೇಂದ್ರದಲ್ಲಿಯೇ ನೋಡಿ. ಬಲಿಪೂಜೆಯಲ್ಲಿ ಮೊಣಕಾಲೂರಲಾಗದೆ ಹಿಂದಿನ ಬೆಂಚನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ಪ್ರಬೋಧನೆಯ ನಡುವೆ ಎದ್ದು ಗೋಡೆಗೆ ಒರಗಿ ನಿಲ್ಲುವವರಿದ್ದಾರೆ. ಮುಖ ತೊಳೆಯಲು ನೀರು ತಾಗಿಸಿದರೆ ಸಾಕು, ಕೆನ್ನೆಗೆ ಮಿಂಚು ಹೊಡೆದಂತಾಗುವ ನರದ ನೋವಿನವರಿದ್ದಾರೆ. ಜ್ವರವಾದರೆ ಮೈ ಮುಟ್ಟಿ ತಿಳಿಯಬಹುದು, ಗಾಯವಾದರೆ ಕಣ್ಣಿಗೆ ಕಾಣುತ್ತದೆ. ಇವರ ನೋವು ಕಾಣುವುದಿಲ್ಲ. ಎಕ್ಸ್‌ರೇ, ಸ್ಕ್ಯಾನ್‌ಗಳಲ್ಲಿ ಕೂಡ ಎಷ್ಟೋ ಸಲ ಅದಕ್ಕೆ ತಕ್ಕ ಗುರುತು ಸಿಗುವುದಿಲ್ಲ. ಆದ್ದರಿಂದ ಮೊದಲು ನೆರೆಹೊರೆಯವರು, ಆಮೇಲೆ ಮನೆಯವರು, ಕಡೆಗೆ ತಾವೇ ತಮ್ಮನ್ನು ನಂಬದೆ ಹೋಗುತ್ತಾರೆ.

ಇಂಥವರಲ್ಲಿ ಕೆಲವರಿಗೆ ಈಗ ವೈದ್ಯರು ಒಂದು ಚಿಕಿತ್ಸೆ ಸೂಚಿಸುತ್ತಾರೆ. ನೋವಿನ ಸುದ್ದಿಯನ್ನು ಮೆದುಳಿಗೆ ಒಯ್ಯುವ ಸಣ್ಣ ನರವನ್ನು ಶಾಖದಿಂದ ಸುಡುವುದು. ರೇಡಿಯೋ ಫ್ರೀಕ್ವೆನ್ಸಿ ಅಬ್ಲೇಷನ್ ಎಂದು ಅದರ ಹೆಸರು. 'ನರ ಸುಡುವುದು' ಎಂದೊಡನೆ ಎರಡು ಭಯಗಳು ಹುಟ್ಟುತ್ತವೆ. ಒಂದು, ಕಾಲು ಬಿದ್ದುಹೋದೀತೇ ಎಂಬುದು. ಇನ್ನೊಂದು ವಿಶ್ವಾಸಿಗಳ ಭಯ: ದೇವರು ಕೊಟ್ಟ ಶಿಲುಬೆಯನ್ನು ಸುಟ್ಟು ಬಿಸಾಡಿದಂತಾಗುವುದಿಲ್ಲವೇ? ಈ ಎರಡನೆಯದನ್ನು ಬಾಯಿಬಿಟ್ಟು ಕೇಳುವವರು ಕಡಿಮೆ. ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗುವವರೇ ಹೆಚ್ಚು.

ಅವರಿಗಾಗಿ ಸಂತ ಲೂಕರ ಶುಭಸಂದೇಶದ 13ನೆಯ ಅಧ್ಯಾಯವನ್ನು ತೆರೆಯೋಣ. ಸಬ್ಬತ್ ದಿನ, ಪ್ರಾರ್ಥನಾಮಂದಿರ. ಯೇಸು ಬೋಧಿಸುತ್ತಿದ್ದಾರೆ. ಅಲ್ಲಿ ಒಬ್ಬ ಹೆಂಗಸು ಇದ್ದಾಳೆ. ಹದಿನೆಂಟು ವರ್ಷಗಳಿಂದ ಆಕೆಯ ಬೆನ್ನು ಬಾಗಿದೆ, ನೆಟ್ಟಗೆ ನಿಲ್ಲಲಾರಳು. ಆಕೆ ಏನನ್ನೂ ಕೇಳಲಿಲ್ಲ ಎಂಬುದನ್ನು ಗಮನಿಸಿ. ಕೇಳಿ ಕೇಳಿ ಸಾಕಾಗಿದ್ದಿರಬೇಕು. ಪ್ರಭುವೇ ಆಕೆಯನ್ನು ಕಂಡರು, ಹತ್ತಿರ ಕರೆದರು, ಕೈಯಿಟ್ಟರು. ಆಕೆ ನೆಟ್ಟಗಾದಳು. ಆಗ ಮಂದಿರದ ಅಧಿಕಾರಿಗೆ ಸಿಟ್ಟು ಬಂತು. ಗುಣವಾಗಬೇಕಾದವರು ಉಳಿದ ಆರು ದಿನಗಳಲ್ಲಿ ಬರಲಿ ಎಂದ. ಹದಿನೆಂಟು ವರ್ಷ ತಾಳಿದವಳಿಗೆ ಇನ್ನೊಂದು ದಿನ ಏನು ಮಹಾ ಎಂಬ ಲೆಕ್ಕ. ಬೇರೆಯವರ ನೋವಿಗೆ ತಾಳ್ಮೆ ತೋರುವುದು ಎಷ್ಟು ಸುಲಭ ನೋಡಿ!

ಯೇಸುಸ್ವಾಮಿ ಕೊಟ್ಟ ಉತ್ತರ ಕೊಟ್ಟಿಗೆಯ ಭಾಷೆಯದು. ನೀವು ನಿಮ್ಮ ಎತ್ತನ್ನು, ಕತ್ತೆಯನ್ನು ಸಬ್ಬತ್ ದಿನವೂ ಕಟ್ಟು ಬಿಚ್ಚಿ ನೀರಿಗೆ ಬಿಡುವುದಿಲ್ಲವೇ, ಹಾಗಾದರೆ ಅಬ್ರಹಾಮನ ಈ ಮಗಳ ಕಟ್ಟನ್ನು ಬಿಚ್ಚಬಾರದೇ ಎಂದು ಕೇಳಿದರು. ಅವಳ ಬೆನ್ನಿನ ಬಾಧೆಯನ್ನು ಅವರು ದೇವರ ಕೊಡುಗೆ ಎಂದು ಕರೆಯಲಿಲ್ಲ, ಕಟ್ಟು ಎಂದು ಕರೆದರು. ಅದನ್ನು ಇನ್ನಷ್ಟು ವರ್ಷ ಒಪ್ಪಿಸುತ್ತಾ ಇರು ಎಂದೂ ಹೇಳಲಿಲ್ಲ.

ಈಗ ಚಿಕಿತ್ಸೆಯ ಬಗ್ಗೆ ಸ್ವಲ್ಪ ತಿಳಿಯೋಣ. ತಿಳಿಯದೆ ಭಯಪಡುವುದಕ್ಕಿಂತ ತಿಳಿದು ಭಯಪಡುವುದು ಮೇಲು.

ಬೆನ್ನುಮೂಳೆಯ ಹಿಂಬದಿಯಲ್ಲಿ, ಒಂದು ಎಲುಬಿಗೂ ಇನ್ನೊಂದಕ್ಕೂ ನಡುವೆ, ಎರಡೂ ಕಡೆ ಸಣ್ಣ ಕೀಲುಗಳಿವೆ. ಅವಕ್ಕೆ ಫೆಸೆಟ್ ಕೀಲುಗಳೆಂದು ಹೆಸರು. ವಯಸ್ಸಿನಿಂದಲೋ ಪೆಟ್ಟಿನಿಂದಲೋ ಇವು ಸವೆದಾಗ ನೋವು ಬರುತ್ತದೆ. ಆ ನೋವನ್ನು ಒಯ್ಯುವ ನರಗಳು ತೀರ ತೆಳುವಾದವು, ಕಾಲಿಗೆ ಬಲ ಕೊಡುವ ದೊಡ್ಡ ನರಗಳಿಂದ ಬೇರೆಯಾಗಿ ಹಿಂದಕ್ಕೆ ಕವಲೊಡೆದವು. ಸುಡುವುದು ಈ ಕವಲನ್ನು. ಕಾಲಿನ ನರವನ್ನಲ್ಲ. ಡಿಸ್ಕ್ ಜಾರಿ ಕಾಲಿನುದ್ದಕ್ಕೂ ಇಳಿಯುವ ಸಯಾಟಿಕಾ ನೋವಿನ ಕಥೆ ಬೇರೆ, ಅದಕ್ಕೆ ಇದು ಮದ್ದಲ್ಲ. ಮಂಡಿನೋವಿಗೂ ಮಂಡಿಯ ಸುತ್ತಲ ಸಣ್ಣ ನರಗಳನ್ನು ಹೀಗೆ ಸುಡುವುದುಂಟು.

ಆದರೆ ಸುಡುವುದಕ್ಕೆ ಮೊದಲು ಒಂದು ಪರೀಕ್ಷೆ ಇದೆ. ಇದೇ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುತ್ತದೆ. ನೋವು ಆ ಕೀಲಿನದೇ ಎಂದು ಖಚಿತವಾಗಬೇಕಲ್ಲವೇ? ವೈದ್ಯರು ಎಕ್ಸ್‌ರೇ ನೋಡುತ್ತಾ ಆ ನರದ ಬಳಿ ಮರಗಟ್ಟಿಸುವ ಮದ್ದನ್ನು ಕೆಲವೇ ಹನಿ ಬಿಡುತ್ತಾರೆ. ಅದರ ಗುಣ ಕೆಲವು ಗಂಟೆಗಳಷ್ಟೆ. ಆ ಗಂಟೆಗಳಲ್ಲಿ, ಯಾವ ಕೆಲಸ ಮಾಡಿದರೆ ನೋವು ಬರುತ್ತಿತ್ತೋ ಅದನ್ನೇ ಮಾಡಿ ನೋಡಿ ಎನ್ನುತ್ತಾರೆ. ಬಾಗಿ, ತಿರುಗಿ, ಮೆಟ್ಟಿಲು ಹತ್ತಿ. ಆಮೇಲೆ ಕೇಳುತ್ತಾರೆ: ಸೊನ್ನೆಯಿಂದ ಹತ್ತರೊಳಗೆ ಮೊದಲು ಎಷ್ಟಿತ್ತು? ಈಗ ಎಷ್ಟಿದೆ? ನೋವು ಅರ್ಧಕ್ಕಿಂತ ಹೆಚ್ಚು ಇಳಿದರೆ ಮಾತ್ರ ಸಾಮಾನ್ಯವಾಗಿ ಮುಂದಿನ ಹೆಜ್ಜೆ. ಕೆಲವು ಕಡೆ ಇನ್ನೂ ಹೆಚ್ಚು ಇಳಿದಿರಬೇಕು ಎನ್ನುತ್ತಾರೆ, ಕೆಲವರು ಎರಡು ಸಲ ಪರೀಕ್ಷಿಸುತ್ತಾರೆ.

ನೋಡಿ, ಇಷ್ಟೆಲ್ಲ ಯಂತ್ರಗಳ ನಡುವೆ ತೀರ್ಪು ಕೊಡುವುದು ಯಾವುದು? ರೋಗಿಯ ಬಾಯಿಂದ ಬರುವ ಒಂದು ಸಂಖ್ಯೆ! ಅದನ್ನು ಅಳೆಯುವ ಬೇರೆ ಸಾಧನ ಇಲ್ಲ. ನೋವಿನ ಅಧ್ಯಯನಕ್ಕಾಗಿರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವು ಎಂದರೇನು ಎಂಬುದರ ವಿವರಣೆಯನ್ನು ತಿದ್ದಿ ಬರೆದಾಗ, ತನಗೆ ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕೆಂದು ಸ್ಪಷ್ಟವಾಗಿ ಸೇರಿಸಿತು.

ನಮ್ಮ ತಾಯಂದಿರು ಈ ಪ್ರಶ್ನೆಗೆ ಏನೆನ್ನುತ್ತಾರೆ? 'ಪರವಾಗಿಲ್ಲ ಡಾಕ್ಟ್ರೇ.' ಸೊನ್ನೆಯೂ ಅಲ್ಲ, ಹತ್ತೂ ಅಲ್ಲ, ಪರವಾಗಿಲ್ಲ. ಪಕ್ಕದಲ್ಲಿ ಗಂಡನೋ ಮಗನೋ ನಿಂತಿದ್ದರೆ ಆ ಮಾತು ಇನ್ನೂ ಬೇಗ ಬರುತ್ತದೆ. ಖರ್ಚಿನ ಯೋಚನೆ, ಸಂಕೋಚ, ವೈದ್ಯರು ಇಷ್ಟು ಕಷ್ಟಪಟ್ಟರಲ್ಲಾ ಎಂಬ ದಾಕ್ಷಿಣ್ಯ. ಇಳಿಯದ ನೋವನ್ನು ಇಳಿಯಿತು ಎಂದು ಬಿಟ್ಟರೆ ಬೇಡದ ನರವನ್ನು ಸುಟ್ಟಂತಾಗುತ್ತದೆ. ಇಳಿದ ನೋವನ್ನು ಭಯದಿಂದ ಇಳಿಯಲಿಲ್ಲ ಎಂದರೆ ಸಿಗಬಹುದಾದ ಪರಿಹಾರ ಕೈತಪ್ಪುತ್ತದೆ.

ಸಂತ ಮಾರ್ಕರ ಶುಭಸಂದೇಶದ 8ನೆಯ ಅಧ್ಯಾಯದಲ್ಲಿ ಬೆತ್ಸಾಯಿದದ ಕುರುಡನ ಪ್ರಸಂಗ ಬರುತ್ತದೆ. ಯೇಸು ಅವನನ್ನು ಕೈಹಿಡಿದು ಊರ ಹೊರಗೆ ಕರೆದುಕೊಂಡು ಹೋಗುತ್ತಾರೆ. ಅವನ ಮೇಲೆ ಕೈಯಿಟ್ಟ ಮೇಲೆ ಒಂದು ಪ್ರಶ್ನೆ ಕೇಳುತ್ತಾರೆ, ಏನಾದರೂ ಕಾಣುತ್ತದೆಯೇ ಎಂದು. ಎಲ್ಲವನ್ನೂ ಬಲ್ಲ ಪ್ರಭು ಕೇಳಿದರು! ಆ ಮನುಷ್ಯನಾದರೂ 'ಚೆನ್ನಾಗಿ ಕಾಣುತ್ತದೆ ಸ್ವಾಮಿ' ಎಂದು ಅವರನ್ನು ಮೆಚ್ಚಿಸಲು ಹೋಗಲಿಲ್ಲ. ಜನ ಕಾಣುತ್ತಾರೆ, ಆದರೆ ಮರಗಳು ನಡೆದಾಡಿದ ಹಾಗೆ ಕಾಣುತ್ತಾರೆ ಎಂದ. ಅರ್ಧ ಗುಣವಾಗಿದೆ ಎಂಬ ಸತ್ಯವನ್ನು ದೇವಪುತ್ರರ ಮುಖದೆದುರೇ ಹೇಳಿದ. ಯೇಸು ಬೇಸರಪಟ್ಟುಕೊಳ್ಳಲಿಲ್ಲ, ನಿನ್ನ ವಿಶ್ವಾಸ ಸಾಲದು ಎಂದು ಗದರಿಸಲಿಲ್ಲ. ಎರಡನೆಯ ಸಲ ಕೈಯಿಟ್ಟರು. ಆ ಕುರುಡ ದಾಕ್ಷಿಣ್ಯಕ್ಕೆ ಬಿದ್ದಿದ್ದರೆ ಜೀವನಪೂರ್ತಿ ಮರಗಳನ್ನೇ ನೋಡಿಕೊಂಡಿರಬೇಕಿತ್ತೋ ಏನೋ.

ಸುಡುವ ದಿನವೂ ಇಂಥ ಪ್ರಶ್ನೆಗಳು ಬರುತ್ತವೆ. ರೋಗಿಯನ್ನು ಬೋರಲು ಮಲಗಿಸಿ, ಚರ್ಮವನ್ನು ಮರಗಟ್ಟಿಸಿ, ಎಕ್ಸ್‌ರೇ ನೋಡುತ್ತಾ ಸೂಜಿ ಇಳಿಸುತ್ತಾರೆ. ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ, ಏಕೆಂದರೆ ರೋಗಿ ಉತ್ತರ ಹೇಳುವಂತಿರಬೇಕು. ಸೂಜಿಯ ಮೂಲಕ ಸಣ್ಣ ವಿದ್ಯುತ್ ಹರಿಸಿ, ಜುಮ್ಮೆನ್ನುವುದು ಎಲ್ಲಿ, ನೋವಿದ್ದ ಜಾಗದಲ್ಲೇ ತಾನೇ ಎಂದು ಕೇಳುತ್ತಾರೆ. ಬೆನ್ನಿನ ಸ್ನಾಯು ಮಿಡಿದರೆ ಸರಿ. ಕಾಲು ಅದುರಿದರೆ ಸೂಜಿಯ ಜಾಗ ಬದಲಿಸುತ್ತಾರೆ. ಕಾಲು ಬಿದ್ದುಹೋದೀತು ಎಂಬ ಭಯಕ್ಕೆ ಇಟ್ಟ ಕಾವಲು ಇದು. ಆಮೇಲೆ ಸೂಜಿಯ ತುದಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ, ಒಂದು ಒಂದೂವರೆ ನಿಮಿಷ. ಬಹುತೇಕ ಮಂದಿ ಅದೇ ದಿನ ಮನೆಗೆ ಹಿಂದಿರುಗುತ್ತಾರೆ.

ಈ ಚಿಕಿತ್ಸೆ ಪಡೆದವರ ಅನುಭವಗಳಲ್ಲಿ ಮನೆಯವರು ತಿಳಿದಿರಲೇಬೇಕಾದದ್ದು ಆಮೇಲಿನ ಎರಡು ಮೂರು ವಾರಗಳು. ಮೇಜಿನಿಂದ ಎದ್ದೊಡನೆ ನೋವು ಮಾಯವಾಗಿರುತ್ತದೆ ಎಂದುಕೊಂಡು ಹೋದವರಿಗೆ ನಿರಾಶೆಯಾಗುತ್ತದೆ. ಸೂಜಿ ಹೊಕ್ಕ ಜಾಗ ನೋಯುತ್ತದೆ, ಕೆಲವರಿಗೆ ಬಿಸಿಲಿಗೆ ಸುಟ್ಟ ಚರ್ಮದಂತೆ ಉರಿಯುತ್ತದೆ, ಮೊದಲಿಗಿಂತ ಹೆಚ್ಚಾಯಿತೇನೋ ಎನಿಸುವ ದಿನಗಳೂ ಇರುತ್ತವೆ. ನಿಜವಾದ ಗುಣ ಗೊತ್ತಾಗಲು ಎರಡರಿಂದ ನಾಲ್ಕು ವಾರ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. 'ದುಡ್ಡು ದಂಡವಾಯಿತು' ಎಂಬ ಮಾತು ಅಡುಗೆಮನೆಯಲ್ಲಿ ಕೇಳಿಬರುವುದು ಈ ವಾರಗಳಲ್ಲೇ. ದಯವಿಟ್ಟು ಆ ಮಾತನ್ನು ಆಡಬೇಡಿ. ನರಳುವವರು ಅದನ್ನು ಮನಸ್ಸಿನಲ್ಲಿ ಆಗಲೇ ನೂರು ಸಲ ಆಡಿಕೊಂಡಿರುತ್ತಾರೆ.

ಎಲ್ಲರಿಗೂ ಗುಣವಾಗುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ 'ನೈಸ್' 2016ರಲ್ಲಿ ಹೇಳಿದ್ದು ಇಷ್ಟು: ಬೇರೆ ಚಿಕಿತ್ಸೆಗಳಿಂದ ಗುಣ ಕಾಣದ, ನೋವು ಹತ್ತಕ್ಕೆ ಐದಾದರೂ ಇರುವ, ಪರೀಕ್ಷೆಯ ಇಂಜೆಕ್ಷನ್ನಿನಿಂದ ಆರಾಮ ಕಂಡವರಿಗೆ ಇದನ್ನು ಪರಿಗಣಿಸಬಹುದು. ಮರುವರ್ಷ, 2017ರಲ್ಲಿ, ನೆದರ್ಲೆಂಡ್ಸ್‌ನಲ್ಲಿ 681 ಮಂದಿಯ ಮೇಲೆ ನಡೆದ ಪರೀಕ್ಷೆಗಳ ಫಲಿತಾಂಶ ಪ್ರಕಟವಾಯಿತು. ವ್ಯಾಯಾಮದ ಜೊತೆಗೆ ನರ ಸುಡಿಸಿಕೊಂಡವರಿಗೂ ವ್ಯಾಯಾಮವನ್ನಷ್ಟೇ ಮಾಡಿದವರಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ರೋಗಿಗಳನ್ನು ಆರಿಸಿದ ಬಗೆ ಸರಿಯಿತ್ತೇ ಎಂದು ವೈದ್ಯರ ನಡುವೆ ಆಗ ವಾದ ಎದ್ದಿತು. ನಮ್ಮಂಥವರಿಗೆ ಇದರಿಂದ ತಿಳಿಯುವುದು ಒಂದೇ, ಪರೀಕ್ಷೆಯಿಲ್ಲದೆ ನೇರವಾಗಿ ಸುಡಲು ಮುಂದಾಗುವವರ ಬಳಿ ಎರಡು ಪ್ರಶ್ನೆ ಹೆಚ್ಚು ಕೇಳಬೇಕು. ಹಾಗೆಯೇ, ನೋವು ಇಳಿದ ಮೇಲೆ ವ್ಯಾಯಾಮ ಬಿಟ್ಟುಬಿಡಕೂಡದು.

ಮುಖದ ನರದ ನೋವಿನವರ ಅನುಭವ ಇನ್ನೂ ಕಠಿಣ. ಅಲ್ಲಿ ನರದ ಬುಡವನ್ನೇ ಕಾಯಿಸುವುದರಿಂದ ಮಿಂಚಿನಂಥ ನೋವು ಹೋದರೂ ಆ ಕಡೆಯ ಮುಖ ಸ್ವಲ್ಪ ಮಟ್ಟಿಗೆ ಜೋಮು ಹಿಡಿದಂತಾಗುವುದು ಸಾಮಾನ್ಯ. ಮಗು ಮುತ್ತಿಟ್ಟರೆ ಸರಿಯಾಗಿ ತಿಳಿಯದಿರಬಹುದು. ಅಪರೂಪಕ್ಕೆ ಕಣ್ಣಿನ ಸ್ಪರ್ಶವೂ ಕುಗ್ಗುತ್ತದೆ, ಧೂಳು ಬಿದ್ದರೂ ಗೊತ್ತಾಗುವುದಿಲ್ಲ, ಕಣ್ಣನ್ನು ಕಾಪಾಡಿಕೊಳ್ಳಬೇಕಾಗುತ್ತದೆ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ವ್ಯವಹಾರ ಅದು. ಊಟ ಮಾಡಲೂ ಮಾತಾಡಲೂ ಹೆದರಿದ್ದವರು ಸಂತೋಷದಿಂದ ಅದನ್ನು ಒಪ್ಪಿಕೊಳ್ಳುವುದುಂಟು. ಬೇಡ ಎನ್ನುವವರೂ ಇದ್ದಾರೆ. ಇದರಲ್ಲಿ ನೋವು ಯಾರದೋ ನಿರ್ಧಾರವೂ ಅವರದೇ ಆಗಿರಬೇಕು.

ಇನ್ನು, ಧರ್ಮಸಭೆ ಏನು ಹೇಳುತ್ತದೆ? ಇದು ಹೊಸ ಪ್ರಶ್ನೆಯಲ್ಲ. ಇಟಲಿಯ ಅರಿವಳಿಕೆ ತಜ್ಞರ ಸಂಘ ಈ ಪ್ರಶ್ನೆಯನ್ನೇ ಜಗದ್ಗುರು ಹನ್ನೆರಡನೇ ಪಿಯುಸ್‌ರ ಮುಂದೆ ಇಟ್ಟಿತ್ತು. 1957ರ ಫೆಬ್ರವರಿ 24ರಂದು ಅವರು ವೈದ್ಯರಿಗೆ ಉತ್ತರ ಕೊಟ್ಟರು. ನೋವನ್ನು ನೋವಿಗಾಗಿಯೇ ಬಯಸಬೇಕೆಂಬ ಕಟ್ಟಳೆ ಕ್ರೈಸ್ತನಿಗಿಲ್ಲ. ಸ್ವಇಚ್ಛೆಯಿಂದ ಒಬ್ಬರು ನೋವನ್ನು ಸಹಿಸಿ ಅರ್ಪಿಸಬಹುದು, ಅದು ಪುಣ್ಯಕಾರ್ಯ, ಆದರೆ ಅದನ್ನು ಎಲ್ಲರ ಮೇಲೆ ಕರ್ತವ್ಯವಾಗಿ ಹೇರುವಂತಿಲ್ಲ. ಅಷ್ಟೇ ಅಲ್ಲ, ದೀರ್ಘಕಾಲದ ನೋವು ಮನುಷ್ಯನ ಆತ್ಮಬಲವನ್ನು ಹೆಚ್ಚಿಸುವ ಬದಲು ಕುಗ್ಗಿಸಲೂಬಹುದು ಎಂದು ಅವರು ತಿಳಿಸಿದರು. ವರ್ಷಗಟ್ಟಲೆ ನಿದ್ದೆಗೆಟ್ಟವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಜಪಸರ ಹಿಡಿದರೆ ಮೂರನೆಯ ರಹಸ್ಯದ ಹೊತ್ತಿಗೆ ನೋವಿನ ಹೊರತು ಬೇರೇನೂ ನೆನಪಿರುವುದಿಲ್ಲ.

ಗೊಲ್ಗೊಥದಲ್ಲಿ ಯೇಸು ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಬೇಡವೆಂದರಲ್ಲಾ ಎಂದು ಕೆಲವರು ಕೇಳುತ್ತಾರೆ. ನಿಜ. ಲೋಕದ ಪಾಪಕ್ಕಾಗಿ ಕುಡಿಯಬೇಕಾದ ಬಟ್ಟಲು ಅವರೊಬ್ಬರದೇ ಆಗಿತ್ತು. ಅವರು ತಾವು ಬೇಡವೆಂದರೇ ಹೊರತು, ತಮ್ಮ ಬಳಿಗೆ ಬಂದ ಒಬ್ಬ ರೋಗಿಗೂ ಬೇಡವೆನ್ನಲಿಲ್ಲ. ದಯಾವಂತ ಸಮಾರಿಯನ ಸಾಮತಿಯಲ್ಲಿ ಕೂಡ ಅವನು ಗಾಯಗೊಂಡವನಿಗೆ ಮೊದಲು ಉಪದೇಶ ಮಾಡಲಿಲ್ಲ, ಎಣ್ಣೆ ಮತ್ತು ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದ. ಸಂತ ಎರಡನೇ ಜಾನ್ ಪೌಲರು ಮಾನವ ಯಾತನೆಯ ಅರ್ಥದ ಬಗ್ಗೆ 1984ರ ಫೆಬ್ರವರಿ 11ರಂದು ಬರೆದ ಪ್ರೇಷಿತ ಪತ್ರವನ್ನು ಮುಕ್ತಾಯದ ಹತ್ತಿರ ಈ ಸಮಾರಿಯನ ಬಳಿಗೇ ತಂದರು. ಯಾತನೆಯ ಮಹತ್ವವನ್ನು ಅಷ್ಟು ಆಳವಾಗಿ ಬರೆದ ಅದೇ ಜಗದ್ಗುರುಗಳು, 1994ರ ಏಪ್ರಿಲ್‌ನಲ್ಲಿ ಜಾರಿಬಿದ್ದು ತೊಡೆಮೂಳೆ ಮುರಿದಾಗ, ಶಸ್ತ್ರಚಿಕಿತ್ಸೆಗೆ ಮೈಯೊಡ್ಡಿ ಕೃತಕ ಕೀಲು ಹಾಕಿಸಿಕೊಂಡರು. ಉಳಿದ ನೋವನ್ನು ಕೊನೆಯವರೆಗೂ ಹೊತ್ತರು. ಕೈಗೆಟಕುವ ಪರಿಹಾರವನ್ನು ಪಡೆಯುವುದೂ, ಎಟಕದೆ ಉಳಿದದ್ದನ್ನು ಅರ್ಪಿಸುವುದೂ ಒಂದೇ ಜೀವನದಲ್ಲಿ ಹೊಂದಿಕೊಂಡು ಹೋದವು.

ಏನಾದರೂ ಉಳಿದೇ ಉಳಿಯುತ್ತದೆ. ಸುಟ್ಟ ನರ ಸತ್ತು ಹೋಗುವುದಿಲ್ಲ, ಮತ್ತೆ ನಿಧಾನವಾಗಿ ಬೆಳೆಯುತ್ತದೆ. ಗುಣ ಕಂಡವರಲ್ಲಿ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದವರೆಗೆ ಆರಾಮ ಇರುತ್ತದೆ, ಕೆಲವರಿಗೆ ಎರಡು ವರ್ಷವೂ ಆಗಬಹುದು. ಆಮೇಲೆ ಒಂದು ಬೆಳಿಗ್ಗೆ ಹಳೆಯ ನೋವು ಹಳೆಯ ಜಾಗದಲ್ಲಿ ಬಂದು ಕೂತಿರುತ್ತದೆ. ಚಿಕಿತ್ಸೆಯನ್ನು ಮತ್ತೆ ಮಾಡಿಸಬಹುದು, ಅನೇಕರು ಮಾಡಿಸುತ್ತಾರೆ. ಆದರೆ ಆ ಬೆಳಗಿನ ನಿರಾಶೆ ಮೊದಲ ಬಾರಿಯ ನೋವಿಗಿಂತ ಭಾರ. ಮಧ್ಯೆ ಪ್ರಾರ್ಥನಾಕೂಟದಲ್ಲಿ ಎದ್ದು ನಿಂತು ದೇವರು ನನ್ನನ್ನು ಗುಣಪಡಿಸಿದರು ಎಂದು ಸಾಕ್ಷಿ ಹೇಳಿದ್ದವರಿಗಂತೂ ಇನ್ನೂ ಕಷ್ಟ, ಈಗ ಯಾವ ಮುಖ ಹೊತ್ತುಕೊಂಡು ಕುಂಟುತ್ತಾ ದೇವಾಲಯಕ್ಕೆ ಬರುವುದು? ಆ ಸಾಕ್ಷಿ ಸುಳ್ಳಲ್ಲ. ದೇವರು ಕೊಟ್ಟ ಹನ್ನೊಂದು ತಿಂಗಳ ನಿದ್ದೆ ದೇವರೇ ಕೊಟ್ಟ ನಿದ್ದೆ. ಮನ್ನವೂ ಪ್ರತಿದಿನ ಬೆಳಿಗ್ಗೆ ಹೊಸದಾಗಿ ಬೀಳಬೇಕಿತ್ತು, ಮರುದಿನಕ್ಕೆ ಉಳಿಯುತ್ತಿರಲಿಲ್ಲ.

ಸಂತ ಪೌಲರು ತಮ್ಮ ಶರೀರದ ಮುಳ್ಳಿನ ಬಗ್ಗೆ ಕೊರಿಂಥದವರಿಗೆ ಬರೆದಿದ್ದಾರೆ. ಆ ಮುಳ್ಳು ಯಾವುದೆಂದು ಪಂಡಿತರು ಇನ್ನೂ ಚರ್ಚಿಸುತ್ತಿದ್ದಾರೆ, ಅದು ಇರಲಿ. ಅದನ್ನು ತೆಗೆಯಿರಿ ಎಂದು ಅವರು ಮೂರು ಸಲ ಬೇಡಿಕೊಂಡರು. ಕೃಪೆ ಸಾಕು ಎಂಬ ಉತ್ತರ ಪ್ರಭುವಿನ ಬಾಯಿಂದ ಬಂತು, ಪಕ್ಕದ ಮನೆಯವರ ಬಾಯಿಂದಲ್ಲ. ಮೂರು ಸಲ ಕೇಳಿದ್ದು ತಪ್ಪೆಂದು ಯಾರೂ ಅವರಿಗೆ ಹೇಳಲಿಲ್ಲ.

ಈ ಚಿಕಿತ್ಸೆಗೆ ಹೋಗಬೇಕೆಂದಿರುವ ಓದುಗರಿಗೆ ಕೆಲವು ಮಾತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡಿದ್ದರೆ, ಸೋಂಕು ಅಥವಾ ಜ್ವರ ಇದ್ದರೆ, ಗರ್ಭಿಣಿಯಾಗಿದ್ದರೆ, ಮೊದಲೇ ವೈದ್ಯರಿಗೆ ಹೇಳಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಒಂದು ಸಣ್ಣ ಪುಸ್ತಕದಲ್ಲಿ ದಿನಕ್ಕೆ ಎರಡು ಸಲ ನೋವಿನ ಸಂಖ್ಯೆಯನ್ನು, ಆ ದಿನ ಮಾಡಲಾದ ಮತ್ತು ಮಾಡಲಾಗದ ಕೆಲಸವನ್ನು ಬರೆದಿಡಿ. ವೈದ್ಯರ ಮುಂದೆ ಮಾತು ಹೊರಡದಿದ್ದರೆ ಆ ಪುಸ್ತಕವನ್ನು ಮುಂದೆ ಇಡಿ. ಬೇಕಾದರೆ ಹಿಂದಿನ ದಿನ ಗುರುಗಳನ್ನು ಕಂಡು ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ ಹೋಗಿ.

ಚಿಕಿತ್ಸೆಯ ದಿನ ನೀವು ವಾಹನ ಓಡಿಸಕೂಡದು, ಜೊತೆಗೆ ಒಬ್ಬರು ಬೇಕು. ಮಗ ಬೆಂಗಳೂರಿನಲ್ಲಿ, ಮಗಳು ಗಲ್ಫಿನಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರೇ ಎಂಬ ಮನೆಗಳು ನಮ್ಮ ಪ್ರತಿ ಧರ್ಮಕೇಂದ್ರದಲ್ಲೂ ಇವೆ. ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು, ಮಹಿಳಾ ಸಂಘದವರು, ಯುವಕ ಯುವತಿಯರು ಅಂಥ ಒಂದು ಮನೆಯ ಬಾಗಿಲು ತಟ್ಟಿ, ಯಾವ ದಿನ ಆಸ್ಪತ್ರೆಗೆ ಹೋಗಬೇಕು ಎಂದು ಕೇಳಬಹುದು. ಆಟೋ ಕರೆದು ತರಬೇಕು, ಔಷಧಿ ಅಂಗಡಿಯ ಸಾಲಿನಲ್ಲಿ ನಿಲ್ಲಬೇಕು, ಸಂಜೆ ಮನೆ ಸೇರಿಸಬೇಕು. ಆಮೇಲಿನ ಎರಡು ವಾರ ನೀರಿನ ಕೊಡ ಎತ್ತಿಡಲು, ಗ್ಯಾಸ್ ಸಿಲಿಂಡರ್ ಸರಿಸಲು ಬೆಳಿಗ್ಗೆ ಒಬ್ಬರು ಬಂದುಹೋದರೆ ಸಾಕು.